ಕೊಡಗಿನ ಅಡುಗೆಮನೆಯ ಗ್ರಾನೈಟ್ ಕಟ್ಟೆ: ಬಾಳಿಕೆ ಮತ್ತು ಆರೈಕೆಯ ಮಾರ್ಗದರ್ಶಿ

ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಸಿಂಕ್‌ನ ಸುತ್ತ ಕಲ್ಲು ಕಪ್ಪಾಗಿದೆ, ಕಾಚಂಪುಳಿ ಎಂಬ ಕಪ್ಪು ಹುಳಿರಸ ಚೆಲ್ಲಿದ ಜಾಗದ ಕಲೆ ಹೋಗುತ್ತಿಲ್ಲ, ಹೊಸ ಕಟ್ಟೆ ಆರು ತಿಂಗಳಲ್ಲೇ ಹಳದಿಗೆ ತಿರುಗಿದೆ, ಯಾರೋ ಹೇಳಿದರೆಂದು ಸೀಲರ್ (ನೀರು, ಎಣ್ಣೆ ಒಳಗಿಳಿಯದಂತೆ ಕಲ್ಲಿಗೆ ಹಚ್ಚುವ ದ್ರವ) ಹಚ್ಚಿಸಿದ ಮೇಲೆ ಮೈಯೆಲ್ಲ ಅಂಟಂಟಾಗಿದೆ. ಈ ದೂರುಗಳಲ್ಲಿ ಕಲ್ಲೇ ಕೆಟ್ಟಿರುವುದು ತೀರ ಅಪರೂಪ. ಗ್ರಾನೈಟ್ ಎಂದು ನಂಬಿದ ಕಲ್ಲು ಬೇರೆಯದಾಗಿರುವುದು, ತೊಳೆಯಲು ತಪ್ಪು ದ್ರವವನ್ನು ಬಳಸಿರುವುದು, ಇಲ್ಲವೇ ಮಳೆಗಾಲದ ತೇವದ ನಡುವೆಯೇ ಮಾಡಬಾರದ ಕೆಲಸವನ್ನು ಮಾಡಿಸಿರುವುದು ನಿಜವಾದ ಕಾರಣವಾಗಿರುತ್ತದೆ. ಹಾಗಾಗಿ ಕಲೆ ತೆಗೆಯುವ ಉಪಾಯಕ್ಕೆ ನೇರವಾಗಿ ಹೋಗದೆ, ಕೆಳಗಿನ ಹಂತಗಳನ್ನು ಕ್ರಮವಾಗಿ ಅನುಸರಿಸಬೇಕೆಂದು ಕೋರುತ್ತೇನೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಮೆತ್ತನೆಯ ಹತ್ತಿ ಬಟ್ಟೆ ನಾಲ್ಕೈದು, ಪಾತ್ರೆ ತೊಳೆಯುವ ಸೌಮ್ಯವಾದ ದ್ರವ ಸೋಪು, ಅಡುಗೆ ಸೋಡಾ, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್, ಹಾರ್ಡ್‌ವೇರ್ ಅಂಗಡಿಯ ಅಸಿಟೋನ್, ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ, ಮರದ ಅಥವಾ ಪ್ಲಾಸ್ಟಿಕ್‌ನ ಸಟ್ಟುಗ, ರಬ್ಬರ್ ಕೈಗವಸು ಇಷ್ಟಿದ್ದರೆ ಸಾಕು. ಸೀಲರ್ ಬೇಕೇ ಬೇಡವೇ ಎಂಬುದು ಎರಡನೆಯ ಹಂತದಲ್ಲಿ ತಿಳಿಯುತ್ತದೆ, ಅಲ್ಲಿಯವರೆಗೆ ಅದನ್ನು ಕೊಳ್ಳಬೇಡಿ.

ಹಂತ 1: ನಿಮ್ಮ ಕಟ್ಟೆಯ ಕಲ್ಲು ಯಾವುದೆಂದು ಗುರುತಿಸಿ

ಅಂಗಡಿಯಲ್ಲಿ ಗ್ರಾನೈಟ್ ಎಂದು ಮಾರುವ ಕಲ್ಲುಗಳೆಲ್ಲ ಒಂದೇ ಜಾತಿಯವಲ್ಲ. ಭೂಗರ್ಭದಲ್ಲಿ ಕರಗಿದ ಶಿಲಾರಸವು ನಿಧಾನವಾಗಿ ಆರಿ ಗಟ್ಟಿಯಾದಾಗ ನಿಜವಾದ ಗ್ರಾನೈಟ್ ಉಂಟಾಗುತ್ತದೆ. ಅದರಲ್ಲಿ ಮುಖ್ಯವಾಗಿ ಬೆಣಚು, ಫೆಲ್ಡ್‌ಸ್ಪಾರ್ ಎಂಬ ಖನಿಜ ಮತ್ತು ಅಲ್ಪ ಪ್ರಮಾಣದ ಅಭ್ರಕ ಇರುತ್ತವೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿಗೆ 7, ಫೆಲ್ಡ್‌ಸ್ಪಾರ್‌ಗೆ 6, ಅಮೃತಶಿಲೆಯ ಮುಖ್ಯ ಖನಿಜವಾದ ಕ್ಯಾಲ್ಸೈಟ್‌ಗೆ 3 ಅಂಕಗಳಿವೆ. ಸಾಮಾನ್ಯ ಅಡುಗೆ ಚಾಕುವಿನಿಂದ ಅಮೃತಶಿಲೆಯನ್ನು ಗೀರಬಹುದು, ಗ್ರಾನೈಟನ್ನು ಗೀರಲು ಹೋದರೆ ಚಾಕುವೇ ಮೊಂಡಾಗುತ್ತದೆ.

ನಮ್ಮ ಮನೆಗಳಲ್ಲಿ ಕಾಣುವ ಕಟ್ಟೆಗಳನ್ನು ಆರೈಕೆಯ ದೃಷ್ಟಿಯಿಂದ ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ಬೂದು, ಬಿಳಿ, ಗುಲಾಬಿ ಅಥವಾ ಕೆಂಪು ಬಣ್ಣದ ನಿಜವಾದ ಗ್ರಾನೈಟ್. ಇಳಕಲ್ಲಿನ ಕೆಂಪು ಕಲ್ಲು, ಶಿರಾದ ಬೂದು ಕಲ್ಲು ಈ ಗುಂಪಿಗೆ ಸೇರುತ್ತವೆ. ಇವುಗಳ ಹರಳುಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಿದ್ದು, ತಿಳಿಬಣ್ಣದ ಕಲ್ಲುಗಳು ನೀರು ಮತ್ತು ಎಣ್ಣೆಯನ್ನು ಅಲ್ಪಸ್ವಲ್ಪ ಹೀರುತ್ತವೆ. ಎರಡನೆಯದು ಚಾಮರಾಜನಗರದ ಕಡೆಯಿಂದ ಬರುವ ಕಪ್ಪು ಕಲ್ಲು. ಇದನ್ನು ಎಲ್ಲರೂ ಕಪ್ಪು ಗ್ರಾನೈಟ್ ಎಂದೇ ಕರೆದರೂ ಭೂವಿಜ್ಞಾನದ ಪ್ರಕಾರ ಇದು ಡೋಲರೈಟ್ ಎಂಬ ಬೇರೊಂದು ಅಗ್ನಿಶಿಲೆ. ಇದರ ಕಣಗಳು ಒತ್ತಾಗಿರುವುದರಿಂದ ಇದು ನೀರನ್ನು ಹೀರುವುದೇ ಇಲ್ಲವೆನ್ನುವಷ್ಟು ಕಡಿಮೆ. ಆಂಧ್ರದ ಚೀಮಕುರ್ತಿಯಿಂದ ಬರುವ, ಕಪ್ಪು ಮೈಯ ಮೇಲೆ ಹೊಂಬಣ್ಣದ ಚುಕ್ಕಿಗಳುಳ್ಳ ಕಲ್ಲನ್ನೂ ಆರೈಕೆಯ ಮಟ್ಟಿಗೆ ಇದರ ಜೊತೆಗೇ ಸೇರಿಸಬಹುದು.

ಮೂರನೆಯದು ಕಡಪ ಕಲ್ಲು. ಇದು ಕಪ್ಪಾದ ಸುಣ್ಣಕಲ್ಲು, ಗ್ರಾನೈಟ್ ಅಲ್ಲ. ಹೊಸ ಮನೆಗಳಲ್ಲಿ ಇದನ್ನು ಕಟ್ಟೆಯ ಕೆಳಗಿನ ಅಡ್ಡಹಲಗೆ ಮತ್ತು ನಿಲುವುಗಳಿಗೆ ಮಾತ್ರ ಬಳಸುತ್ತಾರಾದರೂ ಹಳೆಯ ಮನೆಗಳಲ್ಲಿ ಕಟ್ಟೆಯೇ ಕಡಪದ್ದಾಗಿರುವುದುಂಟು. ಸುಣ್ಣಕಲ್ಲಿಗೆ ಹುಳಿ ತಾಗಿದರೆ ಅದರ ಮೈ ಕರಗುತ್ತದೆ. ನಾಲ್ಕನೆಯದು ಕ್ವಾರ್ಟ್ಜ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಕೃತಕ ಚಪ್ಪಡಿ. ಬೆಣಚಿನ ಪುಡಿ ಮತ್ತು ಹರಳುಗಳನ್ನು ರಾಳದೊಂದಿಗೆ ಬೆರೆಸಿ ಒತ್ತಿ ಇದನ್ನು ತಯಾರಿಸುತ್ತಾರೆ. ಇದಕ್ಕೆ ಸೀಲರ್ ಬೇಕಿಲ್ಲ, ಆದರೆ ರಾಳವಿರುವುದರಿಂದ ಒಲೆಯಿಂದ ಇಳಿಸಿದ ಬಿಸಿ ಪಾತ್ರೆಯನ್ನು ಇದು ತಾಳುವುದಿಲ್ಲ.

ಗುರುತಿಸುವ ಬಗೆ ಹೀಗೆ. ಕಟ್ಟೆಯ ಕೆಳಗೆ ಬಗ್ಗಿ, ಪಾಲಿಶ್ ಇಲ್ಲದ ಅಡಿಭಾಗವನ್ನು ಟಾರ್ಚ್ ಹಿಡಿದು ನೋಡಿ. ನೈಸರ್ಗಿಕ ಕಲ್ಲಿನಲ್ಲಿ ಗರಗಸದ ಗೆರೆಗಳೂ ಹರಳಿನ ಒರಟುತನವೂ ಕಾಣುತ್ತವೆ. ಮೇಲೆಲ್ಲ ಒಂದೇ ಸಮನಾದ ಚುಕ್ಕಿ, ಅಡಿಯಲ್ಲೂ ನುಣುಪು ಎಂದಾದರೆ ಕೃತಕ ಚಪ್ಪಡಿಯೆಂದು ಶಂಕಿಸಬಹುದು. ಕಪ್ಪು ಕಲ್ಲಾಗಿದ್ದರೆ ಗ್ಯಾಸ್ ಒಲೆಯ ಹಿಂಭಾಗದಂತಹ ಕಾಣದ ಮೂಲೆಯಲ್ಲಿ ಎರಡು ಹನಿ ನಿಂಬೆರಸ ಹಾಕಿ, ಹತ್ತು ನಿಮಿಷದ ನಂತರ ಒರೆಸಿ, ಬೆಳಕಿಗೆ ಓರೆಯಾಗಿ ನೋಡಿ. ಆ ಜಾಗದಲ್ಲಿ ಹೊಳಪು ಹೋಗಿ ಮಂಕಾಗಿದ್ದರೆ ಅದು ಸುಣ್ಣಕಲ್ಲು. ಇನ್ನೊಂದು ಮೂಲೆಯನ್ನು ಅಸಿಟೋನ್‌ನಲ್ಲಿ ಅದ್ದಿದ ಬಿಳಿ ಹತ್ತಿಯಿಂದ ಉಜ್ಜಿ ನೋಡುವುದೂ ಒಳ್ಳೆಯದು. ಹತ್ತಿಗೆ ಕಪ್ಪು ಹತ್ತಿದರೆ ಬೂದು ಕಲ್ಲಿಗೆ ಬಣ್ಣ ಕೊಟ್ಟು ಕಪ್ಪೆಂದು ಮಾರಿದ್ದಾರೆ ಎಂದರ್ಥ. ಅಂತಹ ಕಲ್ಲಿನ ಬಣ್ಣ ಕಾಲಕ್ರಮೇಣ ಸಿಂಕ್‌ನ ಬಳಿ ಮಾಸುತ್ತದೆ, ಅದನ್ನು ಮನೆಯಲ್ಲಿ ಸರಿಪಡಿಸುವ ದಾರಿಯಿಲ್ಲ.

ಹಂತ 2: ನೀರಿನ ಹನಿಯ ಪರೀಕ್ಷೆ

ಕಟ್ಟೆಯನ್ನು ಒರೆಸಿ ಚೆನ್ನಾಗಿ ಒಣಗಿಸಿದ ಮೇಲೆ ಸಿಂಕ್‌ನ ಪಕ್ಕ, ಒಲೆಯ ಪಕ್ಕ ಮತ್ತು ಹೆಚ್ಚು ಬಳಸದ ಒಂದು ಜಾಗ, ಹೀಗೆ ಮೂರು ಕಡೆ ಒಂದೊಂದು ಚಮಚ ನೀರು ಸುರಿದು ಹದಿನೈದು ನಿಮಿಷ ಬಿಡಿ. ನಂತರ ನೀರನ್ನು ಒರೆಸಿ ನೋಡಿದಾಗ ಕಲ್ಲು ಗಾಢವಾಗಿ ಕಾಣುತ್ತಿದ್ದರೆ ಅದು ನೀರನ್ನು ಹೀರುತ್ತಿದೆ, ಸೀಲರ್ ಬೇಕು. ಬಣ್ಣ ಬದಲಾಗದಿದ್ದರೆ ಬೇಡ. ಸಿಂಕ್‌ನ ಬಳಿ ಮಾತ್ರ ಗಾಢವಾದರೆ ಹಿಂದೆ ಹಚ್ಚಿದ್ದ ಸೀಲರ್ ಅಲ್ಲಿ ಸವೆದಿದೆ ಎಂದು ತಿಳಿಯಬೇಕು.

ಈ ಪರೀಕ್ಷೆಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಬೇಡಿ. ಮಡಿಕೇರಿ, ಭಾಗಮಂಡಲದ ಕಡೆ ಆ ದಿನಗಳಲ್ಲಿ ಒಗೆದ ಬಟ್ಟೆಯೇ ವಾರವಾದರೂ ಒಣಗುವುದಿಲ್ಲ. ಕಲ್ಲು ಅದಾಗಲೇ ತೇವ ಹಿಡಿದಿರುವುದರಿಂದ ಹೊಸದಾಗಿ ಸುರಿದ ನೀರಿನಿಂದ ಬಣ್ಣದ ವ್ಯತ್ಯಾಸ ಕಾಣದೆ, ಹೀರುವ ಕಲ್ಲೂ ಹೀರದ ಕಲ್ಲಿನಂತೆ ತೋರಬಹುದು.

ಹಂತ 3: ದಿನನಿತ್ಯದ ಶುಚಿ

ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ ಒರೆಸಿ, ನಂತರ ಬರೀ ನೀರಿನ ಬಟ್ಟೆಯಿಂದ ಒರೆಸಿ, ಕೊನೆಗೆ ಒಣಬಟ್ಟೆಯಿಂದ ಒಣಗಿಸಬೇಕು. ಬಹಳ ಮಂದಿ ಬಿಟ್ಟುಬಿಡುವುದು ಈ ಕೊನೆಯ ಕೆಲಸವನ್ನು. ಸೋಪಿನ ಪೊರೆ ದಿನದಿಂದ ದಿನಕ್ಕೆ ಕೂತು ಹೊಳಪನ್ನು ಮರೆಮಾಡುತ್ತದೆ, ಮನೆಯವರು ಪಾಲಿಶ್ ಹೋಯಿತೆಂದು ಭಾವಿಸಿ ಪಾಲಿಶ್‌ನವರನ್ನು ಕರೆಸುತ್ತಾರೆ.

ಬಳಸಬಾರದ ವಸ್ತುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ವಿನಿಗರ್, ನಿಂಬೆಹಣ್ಣು, ಹುಣಸೆಹುಳಿಗಳು ನಿಜವಾದ ಗ್ರಾನೈಟನ್ನು ಕೂಡಲೇ ಕೆಡಿಸುವುದಿಲ್ಲ, ಆದರೆ ದಿನವೂ ಬಳಸಿದರೆ ಸೀಲರ್ ಸವೆಯುತ್ತದೆ ಮತ್ತು ಕಲ್ಲಿನೊಳಗೆ ಅಲ್ಲಲ್ಲಿ ಇರಬಹುದಾದ ಸುಣ್ಣದ ಕಣಗಳು ಕರಗುತ್ತವೆ. ಹಬ್ಬದ ಹಿಂದಿನ ದಿನ ಹಿತ್ತಾಳೆ ಪಾತ್ರೆಗಳನ್ನು ಕಟ್ಟೆಯ ಮೇಲಿಟ್ಟು ಹುಣಸೆಹಣ್ಣಿನಿಂದ ಉಜ್ಜುವ ರೂಢಿ ಇದ್ದರೆ, ಆ ಕೆಲಸವನ್ನು ಹೊರಗಿನ ಬಟ್ಟೆ ಒಗೆಯುವ ಕಲ್ಲಿಗೆ ವರ್ಗಾಯಿಸಿ. ಒಲೆಯ ಬೂದಿ ಪಾತ್ರೆಗೆ ಒಳ್ಳೆಯದಾದರೂ ಅದರಲ್ಲಿನ ಮರಳಿನ ಕಣಗಳು ಬೆಣಚಿನವೇ ಆಗಿರುವುದರಿಂದ ಪಾಲಿಶ್ ಮೈಯನ್ನು ನವಿರಾಗಿ ಗೀರುತ್ತವೆ. ಸ್ಟೀಲ್ ನಾರಿನ ಚೂರುಗಳು ಸಂದುಗಳಲ್ಲಿ ಸಿಕ್ಕಿಕೊಂಡು ತುಕ್ಕಿನ ಚುಕ್ಕಿಗಳಾಗುತ್ತವೆ. ಹೊಳಪಿಗೆಂದು ತೆಂಗಿನೆಣ್ಣೆ ಸವರುವುದು ತಿಳಿಬಣ್ಣದ ಕಲ್ಲಿಗೆ ನಾವೇ ಕೈಯಾರೆ ಕಲೆ ಹಾಕಿದಂತೆ.

ಎಲ್ಲಕ್ಕಿಂತ ಹೆಚ್ಚಿನ ಹಾನಿ ಆಗುವುದು ಆಸಿಡ್‌ನಿಂದ. ಚಪ್ಪಡಿ ಕೂರಿಸಿದ ಮೇಲೆ ಅಂಟಿದ ಸಿಮೆಂಟ್ ತೆಗೆಯಲು ಕೆಲವು ಕೆಲಸಗಾರರು ಕಕ್ಕಸು ತೊಳೆಯುವ ಆಸಿಡ್ ಸುರಿಯುತ್ತಾರೆ. ಬಿಳಿ ಮತ್ತು ಬೂದು ಗ್ರಾನೈಟ್‌ನಲ್ಲಿ ಕಬ್ಬಿಣದ ಅಂಶವುಳ್ಳ ಖನಿಜಗಳಿರುತ್ತವೆ. ಆಸಿಡ್ ಅವುಗಳಿಂದ ಕಬ್ಬಿಣವನ್ನು ಬಿಡಿಸುತ್ತದೆ, ಆ ಕಬ್ಬಿಣ ಗಾಳಿ ಮತ್ತು ತೇವದೊಂದಿಗೆ ಸೇರಿ ತುಕ್ಕಾಗುತ್ತದೆ, ಕೆಲವು ತಿಂಗಳಲ್ಲಿ ಕಟ್ಟೆ ಹಳದಿಯಾಗುತ್ತದೆ. ಹೊಸ ಕಟ್ಟೆ ಹಳದಿಯಾಯಿತೆಂದು ಬರೆಯುವ ಓದುಗರು ಮೊದಲು ಕೇಳಿ ತಿಳಿಯಬೇಕಾದದ್ದು, ಕೆಲಸ ಮುಗಿದ ದಿನ ಏನು ಹಾಕಿ ತೊಳೆದರು ಎಂಬುದನ್ನು. ಬ್ಲೀಚಿಂಗ್ ದ್ರವವನ್ನಂತೂ ಯಾವ ಕಾರಣಕ್ಕೂ ಆಸಿಡ್‌ನೊಂದಿಗೆ ಬೆರೆಸಬಾರದು, ಅದರಿಂದ ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಅಪಾಯಕಾರಿ.

ಹಂತ 4: ಕಲೆಯ ಜಾತಿಯನ್ನು ನೋಡಿ ಚಿಕಿತ್ಸೆ

ಮೊದಲು ಕಲೆಯೋ ಮಂಕೋ ಎಂಬುದನ್ನು ನಿರ್ಧರಿಸಿ. ಕಲೆ ಕಲ್ಲಿಗಿಂತ ಗಾಢವಾಗಿರುತ್ತದೆ, ಏಕೆಂದರೆ ಏನೋ ಒಳಗೆ ಇಳಿದಿದೆ. ಮಂಕು ಕಲ್ಲಿಗಿಂತ ಪೇಲವವಾಗಿರುತ್ತದೆ, ಏಕೆಂದರೆ ಹುಳಿಯೋ ಆಸಿಡ್ಡೋ ಮೈಯನ್ನೇ ತಿಂದಿದೆ. ಕಲೆಯನ್ನು ಹೊರಗೆಳೆಯಬಹುದು, ಮಂಕಿಗೆ ಪಾಲಿಶ್ ಒಂದೇ ಮದ್ದು. ಗೀರೆಂದು ಗಾಬರಿಪಡುವ ಬೂದು ಗೆರೆಗಳು ಎಷ್ಟೋ ಸಲ ಚಾಕು ಅಥವಾ ಪಾತ್ರೆಯ ಅಂಚಿನ ಲೋಹ ಕಲ್ಲಿನ ಮೇಲೆ ಉಳಿದದ್ದಾಗಿರುತ್ತವೆ. ಅಡುಗೆ ಸೋಡಾದ ತೆಳು ಗಂಜಿಯಿಂದ ನಯವಾಗಿ ಉಜ್ಜಿದರೆ ಅವು ಸಾಮಾನ್ಯವಾಗಿ ಹೋಗುತ್ತವೆ.

ಒಳಗಿಳಿದ ಕಲೆಯನ್ನು ತೆಗೆಯುವ ವಿಧಾನಕ್ಕೆ ಪೌಲ್ಟೀಸ್ ಎನ್ನುತ್ತಾರೆ. ಹೀರುವ ಬಿಳಿ ಪುಡಿಯೊಂದನ್ನು ಕಲೆಯನ್ನು ಕರಗಿಸುವ ದ್ರವದಲ್ಲಿ ಕಲಸಿ, ಲೇಪವಾಗಿ ಹಚ್ಚುವುದೇ ಇದರ ತಿರುಳು. ದ್ರವ ಕಲ್ಲಿನೊಳಗೆ ಇಳಿದು ಕಲೆಯನ್ನು ಕರಗಿಸುತ್ತದೆ, ಲೇಪ ಒಣಗುತ್ತಾ ಹೋದಂತೆ ಆ ದ್ರವ ಕಲೆಯನ್ನು ಹೊತ್ತು ಮೇಲಕ್ಕೆ ಬರುತ್ತದೆ. ಪುಡಿಯಾಗಿ ಅಡುಗೆ ಸೋಡಾ ಸಾಕು. ದ್ರವವನ್ನು ಮಾತ್ರ ಕಲೆಗೆ ತಕ್ಕಂತೆ ಆರಿಸಬೇಕು.

ಎಣ್ಣೆ ಮತ್ತು ಕೊಬ್ಬಿನ ಕಲೆ. ಪಂದಿ ಕರಿ ಮಾಡುವ ಮನೆಗಳಲ್ಲಿ ಒಲೆಯ ಸುತ್ತ ಇದೇ ಹೆಚ್ಚು. ಹೊಸ ಕಲೆಯಾದರೆ ಅಡುಗೆ ಸೋಡಾಕ್ಕೆ ಪಾತ್ರೆಯ ಸೋಪು ಮತ್ತು ನೀರು ಬೆರೆಸಿದ ಲೇಪ ಸಾಕಾಗಬಹುದು. ಹಳೆಯದಾದರೆ ನೀರಿನ ಬದಲು ಅಸಿಟೋನ್ ಬೇಕಾಗುತ್ತದೆ. ಅಸಿಟೋನ್ ಅತಿ ಬೇಗ ಬೆಂಕಿ ಹೊತ್ತಿಕೊಳ್ಳುವ ದ್ರವ. ಗ್ಯಾಸ್ ಒಲೆಯನ್ನು ಆರಿಸುವುದಷ್ಟೇ ಅಲ್ಲದೆ, ಅಡುಗೆಮನೆಯಲ್ಲಿ ಸೌದೆ ಒಲೆಯಿದ್ದರೆ ಅದರ ಕೆಂಡವೂ ಪೂರ್ತಿ ತಣ್ಣಗಾದ ಮೇಲೆ, ಕಿಟಕಿ ಬಾಗಿಲುಗಳನ್ನು ತೆರೆದಿಟ್ಟು ಈ ಕೆಲಸ ಮಾಡಬೇಕು.

ಕಾಚಂಪುಳಿ, ಅರಿಶಿನ, ಕಾಫಿ, ಮದ್ದುಸೊಪ್ಪಿನ ಕಲೆ. ಇವೆಲ್ಲ ಸಸ್ಯಮೂಲದ ಬಣ್ಣಗಳು. ಕಾಚಂಪುಳಿಯಲ್ಲಿ ಎರಡು ತೊಂದರೆಗಳು ಒಟ್ಟಿಗೆ ಇವೆ, ಹಣ್ಣಿನ ರಸವನ್ನು ಕಾಯಿಸಿ ಇಂಗಿಸಿದ್ದರಿಂದ ಬಂದ ಕಪ್ಪು ಬಣ್ಣ ಒಂದು, ಗಾಢವಾದ ಹುಳಿ ಇನ್ನೊಂದು. ತಿಳಿಬಣ್ಣದ ಗ್ರಾನೈಟ್‌ನಲ್ಲಿ ಅದು ಕಲೆ ಮಾಡಿದರೆ ಕಡಪ ಕಲ್ಲಿನಲ್ಲಿ ಮಂಕು ಮಾಡುತ್ತದೆ. ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟರಂದು ಪಾಯಸಕ್ಕೆ ಕುದಿಸುವ ಮದ್ದುಸೊಪ್ಪಿನ ನೇರಳೆ ರಸವಂತೂ ತಾಗಿದ್ದಕ್ಕೆಲ್ಲ ಬಣ್ಣ ಹಿಡಿಸುತ್ತದೆ, ಮೇಲಾಗಿ ಆ ದಿನ ಬರುವುದು ಆಗಸ್ಟ್ ಮೊದಲ ವಾರದಲ್ಲಿ, ಕಲ್ಲು ಒಣಗದ ಕಾಲದಲ್ಲಿ. ಅಂದು ಸೋಸುವ ಕೆಲಸವನ್ನು ಸಿಂಕ್‌ನೊಳಗೆ ಪಾತ್ರೆಯಿಟ್ಟು ಮಾಡುವುದೇ ಜಾಣತನ. ಕಲೆಯಾಗಿಯೇ ಬಿಟ್ಟಿದ್ದರೆ ತಿಳಿಬಣ್ಣದ ಕಲ್ಲಿಗೆ ಅಡುಗೆ ಸೋಡಾವನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕಲಸಿ ಹಚ್ಚಬಹುದು. ಕಪ್ಪು ಅಥವಾ ಗಾಢ ಬಣ್ಣದ ಕಲ್ಲಿಗೆ ಪೆರಾಕ್ಸೈಡ್ ಬೇಡ, ಅದು ಕಲ್ಲನ್ನೇ ಬಿಳುಚಿಸಬಹುದು. ಅಂತಹ ಕಲ್ಲಿನಲ್ಲಿ ಈ ಬಣ್ಣಗಳು ಹೇಗೂ ಆಳಕ್ಕೆ ಇಳಿಯುವುದಿಲ್ಲ, ಸೋಪಿನ ನೀರೇ ಸಾಕು.

ಹಚ್ಚುವ ಕ್ರಮ ಎರಡಕ್ಕೂ ಒಂದೇ. ಯಾವ ಲೇಪವನ್ನೇ ಆಗಲಿ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಇಡ್ಲಿ ಹಿಟ್ಟಿನ ಹದಕ್ಕಿಂತ ಗಟ್ಟಿಯಾಗಿ ಕಲಸಿ, ಕಲೆಯ ಅಂಚಿನಿಂದ ಒಂದು ಬೆರಳಿನಷ್ಟು ಆಚೆಗೂ ಹರಡುವಂತೆ ಸುಮಾರು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹಚ್ಚಿ. ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚುಗಳಿಗೆ ಅಂಟುಪಟ್ಟಿ ಹಾಕಿ 24 ಗಂಟೆ ಬಿಡಿ. ನಂತರ ಹಾಳೆಯನ್ನು ತೆಗೆದು ಲೇಪ ತಾನಾಗಿ ಪೂರ್ತಿ ಒಣಗುವವರೆಗೆ ಕಾಯಿರಿ. ಕಲೆ ಮೇಲಕ್ಕೆ ಬರುವುದು ಮುಖ್ಯವಾಗಿ ಈ ಒಣಗುವ ಹೊತ್ತಿನಲ್ಲಿ, ಆದ್ದರಿಂದ ಒದ್ದೆಯಿರುವಾಗಲೇ ಕೆರೆದು ತೆಗೆದರೆ ಅರ್ಧ ಕೆಲಸ ವ್ಯರ್ಥ. ಒಣಗಿದ ಲೇಪವನ್ನು ಮರದ ಸಟ್ಟುಗದಿಂದ ಎಬ್ಬಿಸಿ ನೀರಿನಿಂದ ಒರೆಸಿ. ಆ ಜಾಗ ಮೊದಲಿಗಿಂತ ಗಾಢವಾಗಿ ಕಂಡರೆ ಹೆದರಬೇಡಿ, ಅದು ತೇವ. ಒಂದೆರಡು ದಿನ ಬಿಟ್ಟು ನೋಡಿ, ಬೇಕಿದ್ದರೆ ಮತ್ತೊಮ್ಮೆ ಹಚ್ಚಿ. ಹಳೆಯ ಎಣ್ಣೆ ಕಲೆಗೆ ಎರಡು ಮೂರು ಸುತ್ತು ಬೇಕಾಗುವುದು ಸಹಜ.

ತುಕ್ಕಿನ ಕಲೆ ಹಠಮಾರಿ. ಕಬ್ಬಿಣದ ಕಾವಲಿಯನ್ನು ತೊಳೆದು ಒದ್ದೆಯಾಗಿಯೇ ಕಟ್ಟೆಯ ಮೇಲೆ ಇಡುವುದು, ಗ್ಯಾಸ್ ಸಿಲಿಂಡರಿನ ಬುಡ ಕಲ್ಲಿಗೆ ನೇರವಾಗಿ ತಾಗುವುದು ಇದಕ್ಕೆ ಕಾರಣ. ಗ್ರಾನೈಟ್‌ಗೆ ಸುರಕ್ಷಿತವೆಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿರುವ ತುಕ್ಕಿನ ಲೇಪವನ್ನು ಮಾತ್ರ ಬಳಸಿ. ತುಕ್ಕು ತೆಗೆಯುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ. ಗ್ರಾನೈಟನ್ನು ನಿಜವಾಗಿ ಕರಗಿಸುವ ಆಮ್ಲ ಅದೇ, ಚರ್ಮಕ್ಕೂ ಮೂಳೆಗೂ ಅದು ಬಹಳ ಅಪಾಯಕಾರಿ.

ಹಲಸಿನ ಮೇಣಕ್ಕೆ ಮಾತ್ರ ಇಷ್ಟೆಲ್ಲ ಬೇಡ. ಸ್ವಲ್ಪ ತೆಂಗಿನೆಣ್ಣೆ ಹಾಕಿ ಸಡಿಲಿಸಿ, ಎಣ್ಣೆ ಇಳಿಯುವ ಮೊದಲೇ ಸೋಪಿನ ನೀರಿನಿಂದ ತೊಳೆದುಬಿಡಿ.

ಹಂತ 5: ಸೀಲರ್ ಹಚ್ಚುವುದು

ಸೀಲರ್ ಎಂದರೆ ಕಲ್ಲಿನ ಸೂಕ್ಷ್ಮ ಸಂದುಗಳೊಳಗೆ ಇಳಿದು, ನೀರು ಮತ್ತು ಎಣ್ಣೆ ಒಳಹೋಗದಂತೆ ತಡೆಯುವ ದ್ರವ. ಇದು ಮೇಲೆ ಪೊರೆ ಕಟ್ಟುವ ವಾರ್ನಿಷ್ ಅಲ್ಲ. ಕೊಳ್ಳುವಾಗ ಒಳಗೆ ಇಳಿಯುವ ಬಗೆಯದೇ ಎಂದು ಖಚಿತಪಡಿಸಿಕೊಳ್ಳಿ, ಹೊಳಪು ಕೊಡುತ್ತೇವೆ ಎನ್ನುವ ಪೊರೆಯ ಬಗೆಯದನ್ನು ಅಡುಗೆ ಕಟ್ಟೆಗೆ ಹಚ್ಚಬೇಡಿ, ಅದು ಬಿಸಿಗೆ ಸಿಪ್ಪೆ ಏಳುತ್ತದೆ. ಸೀಲರ್ ಕಲೆಯನ್ನು ಪೂರ್ತಿ ತಡೆಯುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಚೆಲ್ಲಿದ್ದನ್ನು ಒರೆಸಲು ಅದು ನಿಮಗೆ ಹೆಚ್ಚು ಸಮಯ ಕೊಡುತ್ತದೆ, ಅಷ್ಟೆ.

ಎರಡನೆಯ ಹಂತದಲ್ಲಿ ನೀರು ಹೀರದ ಕಲ್ಲಿಗೆ, ಅದರಲ್ಲೂ ದಟ್ಟ ಕಪ್ಪು ಕಲ್ಲಿಗೆ, ಸೀಲರ್ ಹಚ್ಚಲೇಬೇಡಿ. ಒಳಗಿಳಿಯಲು ಜಾಗವಿಲ್ಲದ ದ್ರವ ಮೇಲೆಯೇ ನಿಂತು ಅಂಟಾದ ಮಂಜಿನಂತಹ ಪೊರೆಯಾಗುತ್ತದೆ. ಕಟ್ಟೆ ಅಂಟಂಟಾಯಿತೆಂದು ಬರುವ ದೂರುಗಳು ಹೆಚ್ಚಾಗಿ ಇಂತಹ ಕಲ್ಲಿನವು.

ನಮ್ಮ ಜಿಲ್ಲೆಯಲ್ಲಿ ಈ ಕೆಲಸಕ್ಕೆ ತಕ್ಕ ಕಾಲ ಜನವರಿಯಿಂದ ಮಾರ್ಚ್. ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಗಾಳಿ ಒಣಗಿರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ಸಾಮಾನ್ಯವಾಗಿ ಇನ್ನೂ ಬಿದ್ದಿರುವುದಿಲ್ಲ. ಮಳೆ ಬರುವ ಮುಂಚೆ ಮಾಡಿಸಿಬಿಡೋಣ ಎಂದು ಮೇ ಕೊನೆಯವರೆಗೆ ಎಳೆಯುವವರೇ ಹೆಚ್ಚು, ಆಗ ಒಂದು ಸಂಜೆಯ ಗುಡುಗು ಮಳೆ ಸಾಕು ಲೆಕ್ಕಾಚಾರ ತಪ್ಪಲು. ತೇವದ ಕಲ್ಲಿಗೆ ಹಚ್ಚಿದ ಸೀಲರ್ ಒಳಗಿಳಿಯುವುದಿಲ್ಲ, ಇಳಿದರೂ ಒಳಗಿನ ತೇವ ಹೊರಬರಲು ತಡವಾಗಿ ಕಲ್ಲಿನಲ್ಲಿ ಗಾಢವಾದ ಮಚ್ಚೆಗಳು ಉಳಿಯುತ್ತವೆ.

ಹಚ್ಚುವ ಹಿಂದಿನ ಎರಡು ದಿನ ಕಟ್ಟೆಯನ್ನು ಬಳಸದೆ ಒಣಗಲು ಬಿಡಿ. ಹಳೆಯ ಎಣ್ಣೆ ಕಲೆಗಳಿದ್ದರೆ ಅದಕ್ಕೂ ಮೊದಲೇ ತೆಗೆದಿರಬೇಕು, ಇಲ್ಲವಾದರೆ ಅವು ಒಳಗೇ ಭದ್ರವಾಗುತ್ತವೆ. ದ್ರಾವಕ ಆಧಾರಿತ ಸೀಲರ್ ಆದರೆ ಅಸಿಟೋನ್‌ಗೆ ಹೇಳಿದ ಬೆಂಕಿಯ ಎಚ್ಚರಿಕೆ ಇದಕ್ಕೂ ಪೂರ್ತಿಯಾಗಿ ಅನ್ವಯಿಸುತ್ತದೆ. ಎರಡು ಮೂರು ಅಡಿಯಷ್ಟು ಜಾಗವನ್ನು ಮಾತ್ರ ಒಂದು ಸಲಕ್ಕೆ ತೆಗೆದುಕೊಂಡು ಹತ್ತಿ ಬಟ್ಟೆಯಿಂದ ತೆಳುವಾಗಿ, ಎಲ್ಲೂ ಬಿಡದಂತೆ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಹತ್ತರಿಂದ ಹದಿನೈದು ನಿಮಿಷ ಬಿಟ್ಟು, ಉಳಿದ ದ್ರವವನ್ನು ಅದು ಒಣಗುವ ಮೊದಲೇ ಬೇರೆ ಒಣಬಟ್ಟೆಯಿಂದ ಪೂರ್ತಿಯಾಗಿ ಒರೆಸಿ ತೆಗೆಯಬೇಕು. ಒರೆಸುವುದು ತಡವಾಗಿ ಪೊರೆ ಕೂತಿದ್ದರೆ ಅದರ ಮೇಲೆಯೇ ಸ್ವಲ್ಪ ಹೊಸ ಸೀಲರ್ ಸವರಿ ಕೂಡಲೇ ಉಜ್ಜಿ ಒರೆಸಿದರೆ ಹಳೆಯ ಪೊರೆ ಕರಗಿ ಬರುತ್ತದೆ. ಸಿಂಕ್ ಮತ್ತು ಒಲೆಯ ಬಳಿ ಎರಡನೆಯ ಸಲ ಹಚ್ಚಿ. ನಂತರ 24 ಗಂಟೆ ನೀರು ತಾಗಿಸಬೇಡಿ. ವರ್ಷಕ್ಕೊಮ್ಮೆ ಹಚ್ಚಲೇಬೇಕೆಂಬ ನಿಯಮವಿಲ್ಲ, ಪ್ರತಿ ಜನವರಿಯಲ್ಲಿ ನೀರಿನ ಹನಿಯ ಪರೀಕ್ಷೆ ಮಾಡಿ ಅದು ಹೇಳಿದಂತೆ ನಡೆಯಿರಿ.

ಹಂತ 6: ಸಂದುಗಳು ಮತ್ತು ಕಟ್ಟೆಯ ಅಡಿಭಾಗ

ಕೊಡಗಿನಲ್ಲಿ ಕಲ್ಲಿಗಿಂತ ಮೊದಲು ಸೋಲುವುದು ಕಲ್ಲಿನ ಸುತ್ತಲಿನವು. ಗೋಡೆ ಮತ್ತು ಕಟ್ಟೆ ಸೇರುವ ಸಂದಿನಲ್ಲಿ ಬಿಳಿ ಸಿಮೆಂಟ್ ತುಂಬಿದ್ದರೆ ಅದು ಬಿರುಕು ಬಿಟ್ಟು, ನೀರು ಕುಡಿದು, ಮಳೆಗಾಲದಲ್ಲಿ ಕರಿಯ ಬೂಷ್ಟು ಹಿಡಿಯುತ್ತದೆ. ಅದನ್ನು ಕೆರೆದು ತೆಗೆದು, ಒಣಗಿಸಿ, ಬೂಷ್ಟು ನಿರೋಧಕ ಸಿಲಿಕೋನ್ ತುಂಬಿಸಿ. ಎರಡು ಚಪ್ಪಡಿಗಳ ನಡುವಿನ ಸಂದಿಗೆ ಎಪಾಕ್ಸಿ, ಅಂದರೆ ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು, ಹೆಚ್ಚು ಬಾಳುತ್ತದೆ. ಸಿಂಕ್‌ನ ಅಂಚಿನ ಸಿಲಿಕೋನ್ ಎದ್ದಿದೆಯೇ ಎಂದು ಮೇ ತಿಂಗಳಿನಲ್ಲಿ ಒಮ್ಮೆ ಬೆರಳಾಡಿಸಿ ನೋಡಿ. ಅಲ್ಲಿಂದ ಒಸರುವ ನೀರು ಕಲ್ಲಿನ ಅಡಿಭಾಗದಿಂದ ಮೇಲಕ್ಕೆ ಹೀರಿಕೊಂಡು, ಮೇಲಿನಿಂದ ಎಷ್ಟು ಒರೆಸಿದರೂ ಹೋಗದ ಕಪ್ಪು ವಲಯವಾಗಿ ಕಾಣಿಸುತ್ತದೆ. ಸಿಂಕ್‌ನ ಸುತ್ತ ಕಲ್ಲು ಕಪ್ಪಾಯಿತು ಎಂಬ ಪ್ರಶ್ನೆಗೆ ಉತ್ತರ ಹೆಚ್ಚಿನ ಸಲ ಇದೇ. ಮೇಲೆ ಸೀಲರ್ ಹಚ್ಚುವುದರಿಂದ ಇದು ಗುಣವಾಗುವುದಿಲ್ಲ, ಸೋರಿಕೆ ನಿಲ್ಲಿಸಿ ಕೆಳಗಿನ ಬಾಗಿಲುಗಳನ್ನು ಕೆಲವು ವಾರ ತೆರೆದಿಟ್ಟು ಒಣಗಿಸಬೇಕು.

ಕೆಳಗೆ ಮರದ ಕಪಾಟು ಇದ್ದರೆ ಸಿಂಕ್‌ನ ಭಾಗಕ್ಕಾದರೂ ಐಎಸ್ 710 ಗುರುತಿನ, ಅಂದರೆ ಕುದಿನೀರನ್ನೂ ತಾಳುವ ಅಂಟಿನಿಂದ ಮಾಡಿದ ಪ್ಲೈವುಡ್ ಇರಲಿ. ಮರದ ಹೊಟ್ಟನ್ನು ಒತ್ತಿ ಮಾಡಿದ ಹಲಗೆ ನೀರು ತಾಗಿದರೆ ಉಬ್ಬುತ್ತದೆ, ಉಬ್ಬಿದ ಕಪಾಟು ಚಪ್ಪಡಿಯನ್ನು ಒಂದು ಕಡೆಯಿಂದ ಎತ್ತುತ್ತದೆ. ಅದರ ಪರಿಣಾಮವೇನೆಂಬುದು ಮುಂದಿನ ಹಂತದಲ್ಲಿದೆ.

ಹಂತ 7: ಭಾರ, ಬಿಸಿ, ಪೆಟ್ಟು

ಗ್ರಾನೈಟ್ ಬಹಳ ಗಟ್ಟಿ ಎಂಬ ಮಾತು ಅರ್ಧ ಸತ್ಯ. ಕಟ್ಟಡಗಳಲ್ಲಿ ಬಳಸುವ ಗ್ರಾನೈಟ್‌ಗೆ ಅಮೆರಿಕದ ಎಎಸ್‌ಟಿಎಂ ಸಿ615 ಮಾನದಂಡವು ಒತ್ತುವ ಭಾರಕ್ಕೆ ಕನಿಷ್ಠ 131 ಮೆಗಾಪ್ಯಾಸ್ಕಲ್ ತಾಳಿಕೆಯನ್ನು ಕೇಳಿದರೆ, ಬಾಗಿಸುವ ಭಾರಕ್ಕೆ ಕೇಳುವುದು 10.34 ಮಾತ್ರ, ಅಂದರೆ ಹನ್ನೆರಡರಲ್ಲಿ ಒಂದು ಪಾಲಿಗೂ ಕಡಿಮೆ. ಕೆಳಗೆ ಪೂರ್ತಿ ಆಧಾರವಿದ್ದರೆ ಕಲ್ಲು ಎಷ್ಟು ಭಾರವನ್ನಾದರೂ ಹೊರುತ್ತದೆ, ಆಧಾರವಿಲ್ಲದ ಕಡೆ ಬಾಗಲಾರದೆ ಸೀಳುತ್ತದೆ. ಸಿಂಕ್ ಮತ್ತು ಒಲೆಗಾಗಿ ಕತ್ತರಿಸಿದ ಜಾಗದ ಮುಂದಿನ ಕಿರಿದಾದ ಪಟ್ಟಿಯೇ ಕಟ್ಟೆಯ ಅತ್ಯಂತ ದುರ್ಬಲ ಭಾಗ. ಅಟ್ಟದಿಂದ ಪಾತ್ರೆ ಇಳಿಸಲು ಅದರ ಮೇಲೆ ಹತ್ತಿ ನಿಲ್ಲುವುದು, ಹುತ್ತರಿ ಅಥವಾ ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ಭಾರದ ಹಂಡೆಯನ್ನು ಅಲ್ಲಿ ಇಡುವುದು, ಮಾಂಸದ ಮೂಳೆಯನ್ನು ಕಟ್ಟೆಯ ಮೇಲೆಯೇ ಕತ್ತಿಯಿಂದ ಕಡಿಯುವುದು, ಇವು ಮೂರೂ ಬಿರುಕಿಗೆ ಕಾರಣವಾಗುತ್ತವೆ. ಮಾಂಸ ಕಡಿಯಲು ಮರದ ಕೊರಡನ್ನು ನೆಲದ ಮೇಲೆ ಇಟ್ಟುಕೊಳ್ಳಿ.

ಬಿಸಿಯ ವಿಷಯದಲ್ಲಿ ಗ್ರಾನೈಟ್ ಧಾರಾಳಿ. ಕುಕ್ಕರನ್ನು ಇಳಿಸಿ ಇಟ್ಟರೆ ಏನೂ ಆಗುವುದಿಲ್ಲ. ಆದರೆ ಕೆಂಪಗೆ ಕಾದ ಕಬ್ಬಿಣದ ಕಾವಲಿಯನ್ನು ತಣ್ಣನೆಯ ಕಲ್ಲಿನ ಮೇಲೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಇಟ್ಟರೆ ಆ ಭಾಗವೊಂದೇ ಹಿಗ್ಗಿ ಸುತ್ತಲಿನ ಕಲ್ಲು ಹಿಗ್ಗದೆ ಒತ್ತಡ ಹುಟ್ಟುತ್ತದೆ. ಮಡಿಕೇರಿಯ ಚಳಿಯ ಬೆಳಗಿನಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಒಂದು ಸಿಂಬಿ ಇಟ್ಟುಕೊಳ್ಳುವುದು ದೊಡ್ಡ ಕೆಲಸವೇನಲ್ಲ.

ಕಲ್ಲಿನ ಮೇಲೆ ಗೆರೆಯೊಂದು ಕಂಡರೆ ಉಗುರಿನಿಂದ ಅಡ್ಡಲಾಗಿ ಸವರಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಕಲ್ಲಿನ ಹುಟ್ಟು ಗೆರೆ, ಚಿಂತೆಯಿಲ್ಲ. ಉಗುರು ಸಿಕ್ಕಿಕೊಂಡು, ಒಂದು ಬದಿ ಇನ್ನೊಂದಕ್ಕಿಂತ ಎತ್ತರವಿದ್ದರೆ ಅದು ಬಿರುಕು. ಹಾಗಾದಾಗ ಮೇಲಿನಿಂದ ಅಂಟು ತುಂಬಿಸುವ ಮೊದಲು ಕೆಳಗಿನ ಆಧಾರ ಎಲ್ಲಿ ಕುಸಿದಿದೆ ಎಂದು ಮೇಸ್ತ್ರಿಯಿಂದ ಪರೀಕ್ಷೆ ಮಾಡಿಸಿ, ಅದನ್ನು ಸರಿಪಡಿಸಿದ ನಂತರವೇ ಎಪಾಕ್ಸಿ ತುಂಬಿಸಬೇಕು. ಅಂಚಿನ ಸಣ್ಣ ಚಕ್ಕೆ ಎದ್ದಿದ್ದರೆ ಆ ಚಕ್ಕೆಯನ್ನು ಎಸೆಯದೆ ಇಟ್ಟುಕೊಳ್ಳಿ, ಎಪಾಕ್ಸಿಯಿಂದ ಅದನ್ನೇ ಮರಳಿ ಕೂರಿಸಿದರೆ ಜೋಡಣೆ ಕಾಣುವುದೇ ಇಲ್ಲ.

ಹಂತ 8: ಹೊಸದಾಗಿ ಹಾಕಿಸುವವರಿಗೆ

ಕುಶಾಲನಗರದಲ್ಲಾಗಲಿ ಹುಣಸೂರು, ಮೈಸೂರಿನ ಕಡೆಯಾಗಲಿ ಕೊಳ್ಳಲು ಹೋದಾಗ ಜೇಬಿನಲ್ಲಿ ಒಂದು ನಿಂಬೆಹಣ್ಣು ಇರಲಿ, ಮೊದಲ ಎರಡು ಹಂತಗಳ ಪರೀಕ್ಷೆಯನ್ನು ಮಾದರಿ ತುಂಡಿನ ಮೇಲೆ ಅಂಗಡಿಯಲ್ಲೇ ಮಾಡಿ. 20 ಮಿಲಿಮೀಟರ್ ದಪ್ಪದ ಚಪ್ಪಡಿ ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ, ಹತ್ತು ಅಡಿ ಉದ್ದ ಎರಡು ಅಡಿ ಅಗಲದ ಕಟ್ಟೆಗೆ ಸುಮಾರು 100 ಕಿಲೋ ಆಯಿತು. ಇದನ್ನು ಜೀಪಿನಲ್ಲಿ ಮಲಗಿಸಿ ತರಬಾರದು, ತಿರುವು ರಸ್ತೆಯ ಕುಲುಕಾಟಕ್ಕೆ ನಡುವೆ ಸೀಳುತ್ತದೆ. ಮರದ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ಕಟ್ಟಿಯೇ ತರಬೇಕು. ಕತ್ತರಿಸುವ ಕೆಲಸ ಮನೆಯ ಹೊರಗೆ, ನೀರು ಹಾಯಿಸುತ್ತಾ ನಡೆಯಲಿ, ಏಕೆಂದರೆ ಒಣ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದ ಕಾಯಿಲೆ ತರುತ್ತದೆ ಮತ್ತು ಅದನ್ನು ಮೊದಲು ಉಸಿರಾಡುವವನು ಆ ಕೆಲಸಗಾರನೇ. ಮುಂದಕ್ಕೆ ಚಾಚುವ ಭಾಗ ಆಧಾರವಿಲ್ಲದೆ ಆರು ಇಂಚು ಮೀರದಿರಲಿ. ಸಿಂಕ್‌ನ ಜಾಗದ ಒಳಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕತ್ತರಿಸಲು ಹೇಳಿ, ಬಿರುಕು ಶುರುವಾಗುವುದು ಚೂಪು ಮೂಲೆಯಿಂದ. ಕೆಲಸ ಮುಗಿದ ದಿನ ಆಸಿಡ್ ಬಳಸುವುದಿಲ್ಲವೆಂದು ಮೇಸ್ತ್ರಿಯಿಂದ ಮೊದಲೇ ಒಪ್ಪಿಗೆ ಪಡೆಯಿರಿ.

ಸಿಂಕ್‌ಗಾಗಿ ಕತ್ತರಿಸಿ ತೆಗೆದ ತುಂಡನ್ನು ಕೆಲಸಗಾರರು ಸಾಮಾನ್ಯವಾಗಿ ಒಯ್ದುಬಿಡುತ್ತಾರೆ. ಅದನ್ನು ಕೇಳಿ ಇಟ್ಟುಕೊಳ್ಳಿ. ಮುಂದೆ ಯಾವುದೇ ಲೇಪ, ಸೀಲರ್ ಅಥವಾ ಹೊಸ ಸೋಪನ್ನು ಕಟ್ಟೆಗೆ ಹಾಕುವ ಮೊದಲು ಆ ತುಂಡಿನ ಮೇಲೆ ಒಂದು ದಿನ ಹಚ್ಚಿ ನೋಡಬಹುದು.